ಹಾಸಿಗೆ ಪಕ್ಕದ ಅಲ್ಟ್ರಾಸೌಂಡ್: ಐವಿಸಿ ಕುಗ್ಗುತ್ತಿದೆ ಅಂದರೆ ಇನ್ನೊಂದು ಬಾಟಲ್ ಡ್ರಿಪ್ ಹಾಕಬೇಕೇ?

ವಾರ್ಡ್_ಮೆಡಿಸಿನ್ (ಪ್ರಶ್ನೆ)

ನಮಸ್ಕಾರ. ನಮ್ಮ ಎಚ್‌ಡಿಯುಗೆ (ಐಸಿಯುಗಿಂತ ಒಂದು ಮೆಟ್ಟಿಲು ಕೆಳಗಿನ ವಾರ್ಡ್) ಒಂದು ಪೋರ್ಟಬಲ್ ಅಲ್ಟ್ರಾಸೌಂಡ್ ಬಂದಿದೆ. ಕರ್ವಿಲೀನಿಯರ್ (ಹೊಟ್ಟೆ ನೋಡುವ ಬಾಗಿದ ಮುಖದ್ದು), ಕಾರ್ಡಿಯಾಕ್ (ಹೃದಯ ನೋಡುವುದು) ಎರಡೂ ಪ್ರೋಬ್ ಇವೆ. ರಕ್ತ ಹರಿಯುವ ವೇಗ ಅಳೆಯುವ ಪಲ್ಸ್ ಡಾಪ್ಲರ್ ಇದೆ, ಇಸಿಜಿ ಕೇಬಲ್ ಬಂದಿಲ್ಲ. ರೋಗಿಗೆ ನೀರು ಕಡಿಮೆಯಾಗಿದೆಯೋ ಜಾಸ್ತಿಯಾಗಿದೆಯೋ ತಿಳಿಯಲು ಎಲ್ಲರೂ ಮೊದಲು ಐವಿಸಿ (ಮೈಯ ಕೆಳಭಾಗದ ರಕ್ತವನ್ನು ಹೃದಯಕ್ಕೆ ತರುವ ದೊಡ್ಡ ನಾಳ) ಮೇಲೆ ಪ್ರೋಬ್ ಇಡುತ್ತಾರೆ. ಆ ಒಂದೇ ಅಳತೆಯನ್ನು ನಂಬಿ ಡ್ರಿಪ್ ಹಾಕುವುದಕ್ಕೂ ನಿಲ್ಲಿಸುವುದಕ್ಕೂ ಧೈರ್ಯ ಬರುತ್ತಿಲ್ಲ. ಮೂರು ಬಗೆಯ ರೋಗಿಗಳ ಬಗ್ಗೆ ಕೇಳಬೇಕಿತ್ತು.

ಮೊದಲನೆಯದು ಮೂತ್ರದ ಸೋಂಕಿನಿಂದ ಬಂದ ಸೆಪ್ಸಿಸ್ (ಸೋಂಕಿಗೆ ಮೈ ವಿಪರೀತ ಪ್ರತಿಕ್ರಿಯಿಸಿ ಅಂಗಾಂಗಗಳು ಸೋಲುವ ಸ್ಥಿತಿ). ತೂಕ 60 ಕೆ.ಜಿ., ಕೆ.ಜಿ.ಗೆ 30 ಮಿ.ಲೀ. ಲೆಕ್ಕದಲ್ಲಿ 1,800 ಮಿ.ಲೀ. ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಡ್ರಿಪ್) ಆಗಲೇ ಹೋಗಿದೆ. ಬಿಪಿ 88/50, ರಕ್ತದ ಲ್ಯಾಕ್ಟೇಟ್ (ಅಂಗಾಂಶಕ್ಕೆ ರಕ್ತ ಸಾಲದಾಗ ಏರುವ ಅಂಶ) 3.4, ಮೂತ್ರ ಗಂಟೆಗೆ 20 ಮಿ.ಲೀ., ಉಸಿರು ನಿಮಿಷಕ್ಕೆ 30. ಐವಿಸಿ 1.5 ಸೆಂ.ಮೀ. ಇದ್ದು, ಉಸಿರೆಳೆದಾಗ ಅರ್ಧಕ್ಕಿಂತ ಹೆಚ್ಚು ಕುಗ್ಗುತ್ತದೆ. ಇನ್ನೂ ಕೊಡಬೇಕೇ?

ಎರಡನೆಯದು ಡೆಂಗಿ, ಜ್ವರ ಬಂದು ಐದನೇ ದಿನ. ಬಲಗಡೆ ಎದೆಯಲ್ಲಿ ನೀರು, ಹೊಟ್ಟೆಯಲ್ಲೂ ಸ್ವಲ್ಪ ನೀರು, ಆದರೆ ಐವಿಸಿ ಮಾತ್ರ ದಾರದಷ್ಟು. ಇದನ್ನು ನೀರು ಜಾಸ್ತಿ ಎನ್ನಬೇಕೇ, ಕಡಿಮೆ ಎನ್ನಬೇಕೇ?

ಮೂರನೆಯದು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಬರುವವರು. ಕಾಲಿನಲ್ಲಿ ಊತವಿಲ್ಲ, ಆದರೆ ರಾತ್ರಿ ಮಲಗಲಾಗುವುದಿಲ್ಲ ಅನ್ನುತ್ತಾರೆ. ಡ್ರೈ ವೆಯ್ಟ್ (ಹೆಚ್ಚಿನ ನೀರೆಲ್ಲ ತೆಗೆದ ಮೇಲೆ ಇರಬೇಕಾದ ತೂಕ) ಇಳಿಸಬೇಕೇ ಎಂದು ಇದರಿಂದ ತಿಳಿಯಬಹುದೇ?

ಪ್ರೋಬ್ ಎಲ್ಲಿಡಬೇಕು, ಎಷ್ಟು ಬಂದರೆ ಏನು ಮಾಡಬೇಕು ಎಂಬುದನ್ನು ಬಿಡಿಸಿ ಹೇಳಿದರೆ ದೊಡ್ಡ ಉಪಕಾರ.

ಐಸಿಯು_ಮೈಸೂರು

ಮೊದಲ ರೋಗಿಯ ಬಗ್ಗೆ ಹೇಳುತ್ತೇನೆ. ಐವಿಸಿ ಕುಗ್ಗಿದೆ ಎಂಬ ಒಂದೇ ಕಾರಣಕ್ಕೆ ಕೊಡುವುದಾದರೆ ಬೇಡ. ಐವಿಸಿಯಿಂದ ಸಿಗುವುದು ಹೃದಯದ ಬಲ ಮೇಲ್ಕೋಣೆಯ ಒತ್ತಡದ ಅಂದಾಜು. ಮೈಯಲ್ಲಿ ಎಷ್ಟು ನೀರಿದೆ ಎಂಬ ಲೆಕ್ಕ ಅದರಲ್ಲಿಲ್ಲ. ಯಾವ ಕೊರತೆಯೂ ಇಲ್ಲದ ಆರೋಗ್ಯವಂತರ ಐವಿಸಿಯೂ ಅರ್ಧಕ್ಕಿಂತ ಹೆಚ್ಚು ಕುಗ್ಗುತ್ತದೆ, ಅವರಿಗೆ ಯಾರೂ ಡ್ರಿಪ್ ಹಾಕುವುದಿಲ್ಲ. ಮೇಲಾಗಿ ನಿಮ್ಮ ರೋಗಿ ನಿಮಿಷಕ್ಕೆ 30 ಸಲ ಕಷ್ಟಪಟ್ಟು ಉಸಿರೆಳೆಯುತ್ತಿದ್ದಾರೆ. ಪ್ರತಿ ಸಲವೂ ಎದೆಯೊಳಗಿನ ಒತ್ತಡ ಬಹಳ ಕೆಳಗಿಳಿಯುವುದರಿಂದ, ರಕ್ತನಾಳ ಸಾಕಷ್ಟು ತುಂಬಿದ್ದರೂ ಐವಿಸಿ ಗೋಡೆಗಳು ಒಂದಕ್ಕೊಂದು ಹತ್ತಿರ ಬರುತ್ತವೆ.

ಕೇಳಬೇಕಾದ ಪ್ರಶ್ನೆಗಳು ಮೂರು, ಅವೂ ಇದೇ ಕ್ರಮದಲ್ಲಿ. ಕೊಡುವ ಅಗತ್ಯ ಇದೆಯೇ? ಕೊಟ್ಟರೆ ಹೃದಯ ಹೊರಹಾಕುವ ರಕ್ತ ಹೆಚ್ಚುತ್ತದೆಯೇ? ಕೊಟ್ಟದ್ದನ್ನು ಶ್ವಾಸಕೋಶ, ಲಿವರ್, ಕಿಡ್ನಿ ತಾಳಿಕೊಳ್ಳುತ್ತವೆಯೇ? ಮೊದಲ ಪ್ರಶ್ನೆಗೆ ಪ್ರೋಬ್ ಬೇಕಾಗಿಲ್ಲ. ಬೆರಳ ತುದಿಯನ್ನು 10 ಸೆಕೆಂಡ್ ಬಿಳಿಚುವಷ್ಟು ಒತ್ತಿ ಬಿಡಿ, ಬಣ್ಣ ಮರಳಲು 3 ಸೆಕೆಂಡ್‌ಗಿಂತ ಹೆಚ್ಚು ಹಿಡಿದರೆ ಅಂಗಾಂಶಕ್ಕೆ ರಕ್ತ ಸಾಲುತ್ತಿಲ್ಲ ಎಂದರ್ಥ. ಅದರ ಜತೆ ಲ್ಯಾಕ್ಟೇಟ್, ಮೂತ್ರ, ರೋಗಿಯ ಎಚ್ಚರ ನೋಡಿ. ಇವೆಲ್ಲ ಸರಿಯಿದ್ದರೆ ಐವಿಸಿ ಎಷ್ಟೇ ಕುಗ್ಗಲಿ, ಬೋಲಸ್ (ಒಮ್ಮೆಲೇ ವೇಗವಾಗಿ ಕೊಡುವ ದ್ರವ) ಬೇಕಿಲ್ಲ.

ಈಗ ಐವಿಸಿಯನ್ನು ಸರಿಯಾಗಿ ಹಿಡಿಯುವುದು. ಅರ್ಧದಷ್ಟು ತಪ್ಪು ಇಲ್ಲೇ ಆಗುತ್ತದೆ. ರೋಗಿಯನ್ನು ಅಂಗಾತ ಮಲಗಿಸಿ ಮೊಣಕಾಲು ಸ್ವಲ್ಪ ಮಡಿಸಿದರೆ ಹೊಟ್ಟೆ ಸಡಿಲವಾಗುತ್ತದೆ. ಡೆಪ್ತ್ 15ರಿಂದ 18 ಸೆಂ.ಮೀ. ಇರಲಿ. ಎದೆಮೂಳೆಯ ತುದಿಯ ಕೆಳಗೆ ಪ್ರೋಬ್ ಇಟ್ಟು ಮೊದಲು ಹೃದಯ ಕಾಣಿಸಿಕೊಳ್ಳಿ, ಬಲ ಮೇಲ್ಕೋಣೆಯನ್ನು ತೆರೆಯ ನಡುವೆ ತನ್ನಿ, ಆಮೇಲೆ ಮಾರ್ಕರ್ ತಲೆಯ ಕಡೆ ಬರುವಂತೆ ನಿಧಾನಕ್ಕೆ ತಿರುಗಿಸಿ. ಆ ನಾಳ ಬಲ ಮೇಲ್ಕೋಣೆಗೆ ಸೇರುವುದು ಕಣ್ಣಿಗೆ ಕಾಣಬೇಕು, ಲಿವರ್‌ನಿಂದ ಹೆಪಾಟಿಕ್ ವೇನ್ ಬಂದು ಕೂಡುವುದೂ ಕಾಣಬೇಕು. ಇವೆರಡೂ ಕಾಣದಿದ್ದರೆ ನೀವು ನೋಡುತ್ತಿರುವುದು ಅಯೋರ್ಟಾ ಆಗಿರಬಹುದು. ಅಯೋರ್ಟಾ ಎಡಗಡೆ ಇರುತ್ತದೆ, ಗೋಡೆ ದಪ್ಪ, ಪ್ರತಿ ಬಡಿತಕ್ಕೂ ಮಿಡಿಯುತ್ತದೆ, ಹೃದಯದ ಹಿಂದಿನಿಂದ ಹಾದುಹೋಗುತ್ತದೆ. ಐವಿಸಿಯೂ ಮೇಲ್ಕೋಣೆಯ ಬಡಿತಕ್ಕೆ ಅಲುಗುತ್ತದೆ, ಹಾಗಾಗಿ ಮಿಡಿತ ಒಂದರಿಂದಲೇ ತೀರ್ಮಾನಿಸಬೇಡಿ.

ಅಳೆಯುವುದು ಬಲ ಮೇಲ್ಕೋಣೆಯಿಂದ ಸುಮಾರು 2 ಸೆಂ.ಮೀ. ಕೆಳಗೆ, ನಾಳದ ಉದ್ದಕ್ಕೆ ನೇರ ಅಡ್ಡವಾಗಿ. ಎಂ-ಮೋಡ್ (ಒಂದೇ ಗೆರೆಯ ಮೇಲಿನ ಚಲನೆ ತೋರಿಸುವ ವಿಧಾನ) ಗೆರೆ ಎಳೆದು ಅಳೆಯುವ ಅಭ್ಯಾಸ ಬಿಟ್ಟರೆ ಒಳ್ಳೆಯದು. ಉಸಿರೆಳೆದಾಗ ಲಿವರ್ ಜತೆ ಐವಿಸಿಯೂ ಕೆಳಗೆ ಜಾರುತ್ತದೆ, ಆದರೆ ಗೆರೆ ಇದ್ದಲ್ಲೇ ಇರುತ್ತದೆ. ಅಂದರೆ ಒಂದು ಜಾಗದಲ್ಲಿ ದೊಡ್ಡದನ್ನೂ ಇನ್ನೊಂದು ಜಾಗದಲ್ಲಿ ಚಿಕ್ಕದನ್ನೂ ಅಳೆದಂತಾಗುತ್ತದೆ. ಆರು ಸೆಕೆಂಡಿನ ಕ್ಲಿಪ್ ಉಳಿಸಿಕೊಂಡು, ಒಂದೊಂದೇ ಫ್ರೇಮ್ ಸರಿಸಿ, ಹೆಪಾಟಿಕ್ ವೇನ್ ಕೂಡುವ ಜಾಗವನ್ನು ಗುರುತಾಗಿಟ್ಟುಕೊಂಡು ಅಳೆಯಿರಿ. ಇನ್ನೊಂದು ಮೋಸ: ಪ್ರೋಬ್ ನಾಳದ ನಡುವೆ ಇರದೆ ಅಂಚಿನಲ್ಲಿ ಕೊಯ್ದರೆ ದಪ್ಪ ಐವಿಸಿಯೂ ಸಣ್ಣದಾಗಿ ಕಾಣುತ್ತದೆ. ಅದಕ್ಕೇ ಪ್ರೋಬನ್ನು 90 ಡಿಗ್ರಿ ತಿರುಗಿಸಿ ಅಡ್ಡಕೊಯ್ತವನ್ನೂ ನೋಡಲೇಬೇಕು. ಅಲ್ಲಿ ದುಂಡಗೆ ತುಂಬಿಕೊಂಡಿದೆಯೋ ಚಪ್ಪಟೆಯಾಗಿದೆಯೋ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಅಂಕಿಗಳು: ತಾನಾಗಿ ಉಸಿರಾಡುವವರಲ್ಲಿ 2.1 ಸೆಂ.ಮೀ. ಅಥವಾ ಕಡಿಮೆ ಇದ್ದು, ಮೂಗಿನಿಂದ ಒಮ್ಮೆ ಚುರುಕಾಗಿ ಉಸಿರೆಳೆಯಿಸಿದಾಗ 50%ಕ್ಕಿಂತ ಹೆಚ್ಚು ಕುಗ್ಗಿದರೆ ಬಲ ಮೇಲ್ಕೋಣೆಯ ಒತ್ತಡ ಸುಮಾರು 3 ಮಿ.ಮೀ. ಪಾದರಸ. 2.1ಕ್ಕಿಂತ ಹೆಚ್ಚಿದ್ದು 50%ಕ್ಕಿಂತ ಕಡಿಮೆ ಕುಗ್ಗಿದರೆ ಸುಮಾರು 15. ನಡುವೆ ಬಂದರೆ 8 ಎಂದು ಹಿಡಿಯುತ್ತಾರೆ. ವೆಂಟಿಲೇಟರ್ ಮೇಲಿರುವವರಲ್ಲಿ ಇದು ತಿರುಗುಮುರುಗು, ಗಾಳಿ ಒಳಹೋದಾಗ ಐವಿಸಿ ಹಿಗ್ಗುತ್ತದೆ. ಅಲ್ಲಿ ದೊಡ್ಡದರಿಂದ ಚಿಕ್ಕದನ್ನು ಕಳೆದು ಚಿಕ್ಕದರಿಂದ ಭಾಗಿಸಿ, 18% ದಾಟಿದರೆ ದ್ರವಕ್ಕೆ ಹೃದಯ ಸ್ಪಂದಿಸಬಹುದು. ಆದರೆ ರೋಗಿ ತಾನಾಗಿ ಒಂದು ಉಸಿರೂ ಎಳೆಯುತ್ತಿರಬಾರದು, ಟೈಡಲ್ ವಾಲ್ಯೂಮ್ (ಒಂದು ಉಸಿರಿಗೆ ಒಳಹೋಗುವ ಗಾಳಿ) ಕೆ.ಜಿ.ಗೆ 8 ಮಿ.ಲೀ. ಆದರೂ ಇರಬೇಕು. ಇಂದು ಕೆ.ಜಿ.ಗೆ 6 ಮಿ.ಲೀ. ಕೊಡುವವರೇ ಹೆಚ್ಚು, ಹಾಗಾಗಿ ಈ ಸೂತ್ರ ಬಳಕೆಗೆ ಬರುವುದು ಅಪರೂಪ.

ಟ್ರೈಕಸ್ಪಿಡ್ (ಹೃದಯದ ಬಲಭಾಗದ ಕವಾಟ) ಸೋರಿಕೆ, ಪಲ್ಮನರಿ ಹೈಪರ್‌ಟೆನ್ಷನ್ (ಶ್ವಾಸಕೋಶದ ರಕ್ತನಾಳಗಳಲ್ಲಿ ಹೆಚ್ಚಿನ ಒತ್ತಡ), ಹೆಚ್ಚಿನ ಪೀಪ್ (ಉಸಿರು ಬಿಟ್ಟ ಮೇಲೂ ವೆಂಟಿಲೇಟರ್ ಉಳಿಸುವ ಒತ್ತಡ) ಇದ್ದರೆ ನೀರು ಹೆಚ್ಚಿಲ್ಲದಿದ್ದರೂ ಐವಿಸಿ ದಪ್ಪವಿರುತ್ತದೆ. ಹೊಟ್ಟೆಯ ಒತ್ತಡ ಏರಿದ್ದರೆ ನೀರು ತುಂಬಿದ್ದರೂ ಸಣ್ಣದಾಗಿರುತ್ತದೆ. ನನ್ನ ಪ್ರಕಾರ ಎರಡು ತುದಿಗಳು ಮಾತ್ರ ಕೆಲಸಕ್ಕೆ ಬರುತ್ತವೆ. ಶಾಕ್‌ನಲ್ಲಿರುವ ರೋಗಿಯ ಐವಿಸಿ 1 ಸೆಂ.ಮೀ.ಗೂ ಕಡಿಮೆಯಾಗಿ, ಉಸಿರು ಬಿಟ್ಟಾಗಲೂ ಚಪ್ಪಟೆಯಾಗಿದ್ದರೆ ಕೊಡಿ. 2.5 ಸೆಂ.ಮೀ. ಇದ್ದು ಅಲುಗದೆ ನಿಂತಿದ್ದರೆ ಕೈ ತಡೆದು, ಹೃದಯದಲ್ಲಿ ಏನಾಗಿದೆ ನೋಡಿ. ನಡುವಿನದನ್ನು ಬೇರೆ ಅಳತೆಯಿಂದಲೇ ತೀರ್ಮಾನಿಸಬೇಕು.

ನಿಮ್ಮ ರೋಗಿಗೆ ಮಾಡಬೇಕಾದದ್ದು: ಬಿಪಿಯ ಮ್ಯಾಪ್ (ಸರಾಸರಿ ಒತ್ತಡ) 63ರ ಆಸುಪಾಸಿದೆ, 65 ಮುಟ್ಟಿಸಲು ನಾರ್‌ಅಡ್ರಿನಲಿನ್ (ರಕ್ತನಾಳ ಬಿಗಿಗೊಳಿಸಿ ಬಿಪಿ ಏರಿಸುವ ಔಷಧ) ಈಗಲೇ ಶುರು ಮಾಡಿ. ಸೆಂಟ್ರಲ್ ಲೈನ್‌ಗಾಗಿ ಕಾಯಬೇಡಿ, ಮೊಣಕೈ ಮಡಿಕೆಯ ಅಥವಾ ಅದಕ್ಕಿಂತ ಮೇಲಿನ ಒಳ್ಳೆಯ ನಾಳದಲ್ಲಿ ಸ್ವಲ್ಪ ಹೊತ್ತು ನಡೆಸಬಹುದು. ಸೂಜಿಯ ಸುತ್ತ ಬಿಳಿಚಿದೆಯೇ ಎಂದು ಮಾತ್ರ ಪದೇ ಪದೇ ನೋಡುತ್ತಿರಬೇಕು. ಅಷ್ಟರಲ್ಲಿ ಹೃದಯದ ಮೇಲೆ ಒಂದು ಕಣ್ಣು ಹಾಯಿಸಿ: ಎಡ ಕೆಳಕೋಣೆ ಸರಿಯಾಗಿ ಹಿಂಡುತ್ತಿದೆಯೇ, ಬಲ ಕೆಳಕೋಣೆ ಎಡದ್ದಕ್ಕಿಂತ ದೊಡ್ಡದಾಗಿ ನಡುಗೋಡೆಯನ್ನು ಚಪ್ಪಟೆ ಮಾಡಿದೆಯೇ, ಹೃದಯದ ಸುತ್ತ ನೀರಿದೆಯೇ. ಬಲ ಕೆಳಕೋಣೆ ಹಿಗ್ಗಿ ಕೂತಿದ್ದರೆ ದ್ರವ ಕೊಟ್ಟಷ್ಟೂ ಎಡಭಾಗ ಇನ್ನಷ್ಟು ಹಿಸುಕಿಹೋಗಿ ಬಿಪಿ ಬೀಳುತ್ತದೆ.

ಹೆಚ್ಚು ಕೊಟ್ಟರೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆಗೆ ಆಧಾರ ಸಿಕ್ಕಿಲ್ಲ. 2022ರ ಕ್ಲಾಸಿಕ್, 2023ರ ಕ್ಲೋವರ್ಸ್ ಎರಡೂ ಅಧ್ಯಯನಗಳಲ್ಲಿ ದ್ರವ ಕಡಿಮೆ ಕೊಟ್ಟ ಗುಂಪಿಗೂ ಎಂದಿನಂತೆ ಅಥವಾ ಧಾರಾಳವಾಗಿ ಕೊಟ್ಟ ಗುಂಪಿಗೂ 90 ದಿನಗಳ ಸಾವಿನಲ್ಲಿ ವ್ಯತ್ಯಾಸ ಬರಲಿಲ್ಲ. ಆಫ್ರಿಕಾದ ಮಕ್ಕಳಲ್ಲಿ ನಡೆದ 2011ರ ಫೀಸ್ಟ್ ಅಧ್ಯಯನದಲ್ಲಂತೂ ಸಲೈನ್ ಬೋಲಸ್ ಕೊಟ್ಟವರಲ್ಲಿ 48 ಗಂಟೆಯೊಳಗಿನ ಸಾವು 10.5%, ಕೊಡದವರಲ್ಲಿ 7.3%. ವೆಂಟಿಲೇಟರ್ ಕೈಗೆ ಸಿಗದ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ ಅದು. ನಮ್ಮ ಸಣ್ಣ ಆಸ್ಪತ್ರೆಗಳವರು ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಎಕೋ_ಲ್ಯಾಬ್

ಮೇಲಿನವರು ಹೇಳಿದ ಎರಡನೇ ಪ್ರಶ್ನೆಗೆ, ಅಂದರೆ ಹೃದಯ ಸ್ಪಂದಿಸುತ್ತದೆಯೇ ಎಂಬುದಕ್ಕೆ, ನಿಮ್ಮ ಯಂತ್ರದಲ್ಲೇ ಉತ್ತರ ಸಿಗುತ್ತದೆ. ಎಲ್‌ವಿಒಟಿ ವಿಟಿಐ (ಎಡ ಕೆಳಕೋಣೆಯಿಂದ ರಕ್ತ ಹೊರಹೋಗುವ ದಾರಿಯಲ್ಲಿ ಒಂದು ಬಡಿತಕ್ಕೆ ರಕ್ತ ಸಾಗುವ ದೂರ) ಅಳೆಯಿರಿ, ಕಾಲೆತ್ತಿ, ಮತ್ತೆ ಅಳೆಯಿರಿ.

ಕಾರ್ಡಿಯಾಕ್ ಪ್ರೋಬನ್ನು ಹೃದಯದ ತುದಿ ಮಿಡಿಯುವಲ್ಲಿ ಇಟ್ಟು ನಾಲ್ಕು ಕೋಣೆಗಳ ನೋಟ ತನ್ನಿ. ಪ್ರೋಬಿನ ಬಾಲವನ್ನು ಹಾಸಿಗೆಯ ಕಡೆ ತುಸು ತಗ್ಗಿಸಿದರೆ ಅಯೋರ್ಟಿಕ್ ಕವಾಟ ನಡುವೆ ತೆರೆದುಕೊಳ್ಳುತ್ತದೆ. ಪಲ್ಸ್ ಡಾಪ್ಲರ್‌ನ ಗೇಟನ್ನು (ವೇಗ ಅಳೆಯುವ ಜಾಗದ ಗುರುತನ್ನು) ಕವಾಟದಿಂದ ಅರ್ಧದಿಂದ ಒಂದು ಸೆಂ.ಮೀ. ಕೆಳಗೆ, ಕೆಳಕೋಣೆಯ ಒಳಗೆ ಇಡಿ. ಗೆರೆ ರಕ್ತ ಹರಿಯುವ ದಿಕ್ಕಿಗೆ 20 ಡಿಗ್ರಿಯೊಳಗೆ ಇರಲಿ. ಬೇಸ್‌ಲೈನ್ ಮೇಲಕ್ಕೆ ಸರಿಸಿ, ಸ್ಕೇಲ್ ಸೆಕೆಂಡಿಗೆ 120ರಿಂದ 150 ಸೆಂ.ಮೀ., ಸ್ವೀಪ್ 100 ಮಿ.ಮೀ. ಒಳ್ಳೆಯ ಅಲೆ ತೆಳ್ಳಗಿನ ಅಂಚು, ಟೊಳ್ಳು ಹೊಟ್ಟೆಯ ತ್ರಿಕೋನದಂತಿರುತ್ತದೆ, ಕೊನೆಯಲ್ಲಿ ಕವಾಟ ಮುಚ್ಚುವ ಒಂದು ಗೀಟು ಬರುತ್ತದೆ. ಒಳಗೆಲ್ಲ ಬಿಳಿ ತುಂಬಿಕೊಂಡು ವೇಗ ದಿಢೀರನೆ ಏರಿದರೆ ಗೇಟು ಕವಾಟಕ್ಕೆ ತೀರಾ ಹತ್ತಿರವಾಗಿದೆ, ಸ್ವಲ್ಪ ಹಿಂದೆ ತನ್ನಿ. ಗಾಢವಾದ ಅಂಚಿನ ಗುಂಟವೇ ಗೆರೆ ಎಳೆಯಿರಿ, ಹೊರಗಿನ ಮಸುಕು ಭಾಗವನ್ನು ಸೇರಿಸಬೇಡಿ. ಮೂರರಿಂದ ಐದು ಬಡಿತಗಳ ಸರಾಸರಿ ತೆಗೆಯಿರಿ, ಏಟ್ರಿಯಲ್ ಫಿಬ್ರಿಲೇಷನ್ (ಬಡಿತ ಅನಿಯಮಿತವಾಗುವ ತೊಂದರೆ) ಇದ್ದರೆ ಎಂಟು-ಹತ್ತು ಬಡಿತ ಬೇಕು.

ವಿಟಿಐ ಸಾಮಾನ್ಯವಾಗಿ 18ರಿಂದ 22 ಸೆಂ.ಮೀ. ನಾಳದ ಅಡ್ಡಳತೆ ತೆಗೆದು ಲೀಟರ್ ಲೆಕ್ಕ ಹಾಕುವ ಗೊಡವೆ ಇಲ್ಲಿ ಬೇಡ. ಆ ಅಳತೆಯ ತಪ್ಪು ಲೆಕ್ಕದಲ್ಲಿ ವರ್ಗವಾಗಿ ಕೂರುತ್ತದೆ, ನಮಗೆ ಬೇಕಿರುವುದು ಬದಲಾವಣೆ ಮಾತ್ರ. ಕಾಲೆತ್ತುವ ಮೊದಲು 14, ಎತ್ತಿದ ಮೇಲೆ 16.5 ಬಂದರೆ ಸುಮಾರು 18% ಏರಿಕೆ, ಈ ಹೃದಯ ದ್ರವಕ್ಕೆ ಸ್ಪಂದಿಸುತ್ತದೆ. 14ರಿಂದ 14.8ಕ್ಕೆ ಹೋದರೆ 6%ಕ್ಕೂ ಕಡಿಮೆ, ಅದು ಕೈ ಅಲುಗಿದ್ದರಿಂದಲೂ ಬಂದಿರಬಹುದು. 10%ಕ್ಕಿಂತ ಕಡಿಮೆ ಬಂದದ್ದನ್ನು ಏರಿಕೆ ಎಂದು ಎಣಿಸಬೇಡಿ, ಸಾಧ್ಯವಾದರೆ 12-15% ಇರಲಿ.

ಕೋನದ ವಿಷಯ ಒತ್ತಿ ಹೇಳಲು ಕಾರಣವಿದೆ. 10 ಡಿಗ್ರಿ ಕೋನದಲ್ಲಿ ವೇಗ ಒಂದೂವರೆ ಶೇಕಡಾದಷ್ಟು ಕಡಿಮೆ ಬರುತ್ತದೆ, 30 ಡಿಗ್ರಿಯಲ್ಲಿ 13%. ಮೊದಲ ಸಲ 10ರಲ್ಲಿ, ಎರಡನೇ ಸಲ 30ರಲ್ಲಿ ಅಳೆದರೆ ನಿಜವಾದ 12% ಏರಿಕೆ ಪೂರ್ತಿ ಮಾಯವಾಗುತ್ತದೆ. ಮೊದಲ ಅಳತೆಯಾದ ಕೂಡಲೇ ಪ್ರೋಬ್ ಇದ್ದ ಜಾಗದ ಸುತ್ತ ಚರ್ಮದ ಮೇಲೆ ಪೆನ್ನಿನಿಂದ ಗುರುತು ಹಾಕಿ, ಮಾರ್ಕರ್ ಯಾವ ಕಡೆ ಇತ್ತು ಎಂದೂ ಒಂದು ಗೀಟು ಎಳೆಯಿರಿ.

ಕಾಲೆತ್ತುವ ಕ್ರಮ: ಶುರುವಿನಲ್ಲಿ ರೋಗಿಯ ತಲೆಭಾಗ 45 ಡಿಗ್ರಿ ಎತ್ತರದಲ್ಲಿರಬೇಕು. ಅಲ್ಲಿ ವಿಟಿಐ ಅಳೆದು, ಹಾಸಿಗೆಯನ್ನೇ ವಾಲಿಸಿ ಬೆನ್ನು ಸಮತಟ್ಟು, ಕಾಲು 45 ಡಿಗ್ರಿ ಮಾಡಿ. ಅಂಗಾತ ಮಲಗಿದವರ ಕಾಲನ್ನು ಮಾತ್ರ ಎತ್ತಿದರೆ ಹೊಟ್ಟೆಯ ನಾಳಗಳ ರಕ್ತ ಹೃದಯಕ್ಕೆ ಬರುವುದಿಲ್ಲ, ಪರೀಕ್ಷೆ ಅರ್ಧವಾಗುತ್ತದೆ. ಏರಿಕೆ ಕಾಣುವುದು ಒಂದರಿಂದ ಒಂದೂವರೆ ನಿಮಿಷದೊಳಗೆ, ಆಮೇಲೆ ಕರಗುತ್ತದೆ. ಅದಕ್ಕೇ ಒಬ್ಬರು ಹಾಸಿಗೆಗೆ, ಒಬ್ಬರು ಪ್ರೋಬಿಗೆ ಬೇಕು. ಮತ್ತೆ ಮೊದಲಿನ ಸ್ಥಿತಿಗೆ ತಂದು ವಿಟಿಐ ಹಳೆಯ ಅಂಕಿಗೆ ಮರಳಿತೇ ನೋಡಿ. ಮರಳದಿದ್ದರೆ ನಡುವೆ ಬೇರೇನೋ ಬದಲಾಗಿದೆ, ಆ ಫಲಿತಾಂಶ ಬಿಟ್ಟುಬಿಡಿ. ಕಾಲೆತ್ತಿದ ತಕ್ಷಣ ನಾಡಿ ಬಡಿತ ಏರಿದರೆ ನೋವಿಗೋ ಗಾಬರಿಗೋ ವಿಟಿಐ ಬದಲಾಗಿರುತ್ತದೆ. ಹೊಟ್ಟೆಯ ಒತ್ತಡ ಹೆಚ್ಚಿದ್ದರೆ, ಕಾಲಿಗೆ ಬಿಗಿ ಕಾಲುಚೀಲ ಹಾಕಿದ್ದರೆ ಸುಳ್ಳು ಉತ್ತರ ಬರುತ್ತದೆ. ಮೆದುಳಿನ ಒತ್ತಡ ಏರಿರುವವರಲ್ಲಿ ಈ ಪರೀಕ್ಷೆ ಮಾಡಬಾರದು.

ಇನ್ನೊಂದು ಮಾತು. ಹೃದಯ ಸ್ಪಂದಿಸುತ್ತದೆ ಎಂದರೆ ದ್ರವ ಕೊಡಲೇಬೇಕು ಎಂದಲ್ಲ. ಆರೋಗ್ಯವಂತರೂ ಸ್ಪಂದಿಸುತ್ತಾರೆ.

ವಾರ್ಡ್_ಮೆಡಿಸಿನ್

ಇಬ್ಬರಿಗೂ ಧನ್ಯವಾದ. ಎರಡು ತೊಡಕು. ನಮ್ಮಲ್ಲಿರುವುದು ಕೈಯಲ್ಲಿ ತಿರುಗಿಸುವ ಸೆಮಿ-ಫೌಲರ್ ಕಾಟ್. ತಲೆಭಾಗ ಏಳುತ್ತದೆ, ಇಡೀ ಹಾಸಿಗೆ ವಾಲುವುದಿಲ್ಲ. ಮತ್ತೆ, ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರಲ್ಲಿ ತುದಿಯ ನೋಟವೇ ಸಿಗುವುದಿಲ್ಲ.

ಎಕೋ_ಲ್ಯಾಬ್

ಕಾಟ್ ವಾಲದಿದ್ದರೆ ಸಣ್ಣ ಬೋಲಸ್ ಕೊಟ್ಟು ನೋಡಿ. 50 ಮಿ.ಲೀ.ನ ಎರಡು ಸಿರಿಂಜ್‌ಗಳಲ್ಲಿ ಆರ್‌ಎಲ್ ತುಂಬಿಸಿಟ್ಟುಕೊಂಡು, ತ್ರೀ-ವೇ (ಡ್ರಿಪ್ ಲೈನಿನ ಮೂರು ದಾರಿಯ ಕವಾಟ) ಮೂಲಕ ಒಂದು ನಿಮಿಷದಲ್ಲಿ ಒಟ್ಟು 100 ಮಿ.ಲೀ. ತಳ್ಳಿ, ಕೂಡಲೇ ವಿಟಿಐ ಅಳೆಯಿರಿ. 10% ಏರಿದರೆ ಸ್ಪಂದಿಸುತ್ತಿದೆ. ಹಸಿರು ಕ್ಯಾನುಲಾ ಅಥವಾ ಅದಕ್ಕಿಂತ ದಪ್ಪದ್ದು ಬೇಕು. ಹಸಿರಿಗಿಂತ ತೆಳ್ಳಗಿನ ಪಿಂಕ್ ಕ್ಯಾನುಲಾದಲ್ಲಿ ಬಾಟಲ್ ನೇತುಹಾಕಿ ಬಿಟ್ಟರೆ ನಿಮಿಷಕ್ಕೆ 60 ಮಿ.ಲೀ. ಸುತ್ತಮುತ್ತ ಮಾತ್ರ ಹೋಗುತ್ತದೆ. ನಿಧಾನಕ್ಕೆ ಹೋದ 100 ಮಿ.ಲೀ. ವಿಟಿಐಯನ್ನು ಏರಿಸದು. ಆಗ ಸ್ಪಂದಿಸಬಲ್ಲ ಹೃದಯವನ್ನೂ ಸ್ಪಂದಿಸುವುದಿಲ್ಲ ಎಂದು ಬರೆದುಬಿಡುತ್ತೀರಿ. ಅದೇ ನಾಳದಲ್ಲಿ ನಾರ್‌ಅಡ್ರಿನಲಿನ್ ಹೋಗುತ್ತಿದ್ದರೆ ಅಲ್ಲಿಂದ ತಳ್ಳಬೇಡಿ, ಲೈನಿನಲ್ಲಿರುವ ಔಷಧವೆಲ್ಲ ಒಮ್ಮೆಲೇ ಒಳಹೋಗುತ್ತದೆ.

ತುದಿಯ ನೋಟ ಸಿಗದವರನ್ನು ಎಡಮಗ್ಗುಲಿಗೆ ಸ್ವಲ್ಪ ವಾಲಿಸಿ, ಉಸಿರು ಬಿಟ್ಟು ನಿಲ್ಲಿಸಿದಾಗ ನೋಡಿ. ಆದರೂ ಬಾರದಿದ್ದರೆ ಬಿಡಿ. ಅರೆಬರೆ ಅಲೆಗೆ ಗೆರೆ ಎಳೆದು ಅಂಕಿ ಹುಟ್ಟಿಸುವುದು ಅಂಕಿಯಿಲ್ಲದ್ದಕ್ಕಿಂತ ಅಪಾಯ. ವೆಂಟಿಲೇಟರ್ ಮೇಲಿದ್ದು ಗಾಳಿಯ ಪ್ರಮಾಣ ಬದಲಾಗದಿದ್ದರೆ ಕಾಲೆತ್ತಿದಾಗ ಎಂಡ್-ಟೈಡಲ್ (ಉಸಿರು ಬಿಡುವ ಕೊನೆಯಲ್ಲಿನ) ಕಾರ್ಬನ್ ಡೈಆಕ್ಸೈಡ್ 5% ಏರುವುದನ್ನು ಗುರುತಾಗಿ ಹಿಡಿಯಬಹುದು.

ಕೆಳಕೋಣೆ ಪುಟ್ಟದಾಗಿ, ಗೋಡೆಗಳು ತಾಗುವಷ್ಟು ಜೋರಾಗಿ ಹಿಂಡುತ್ತಿದ್ದು, ಡಾಪ್ಲರ್ ಅಲೆ ಕತ್ತಿಯ ಮೊನೆಯಂತೆ ಕೊನೆಯಲ್ಲಿ ಚೂಪಾದರೆ ಎಲ್‌ವಿಒಟಿಯಲ್ಲೇ ತಡೆಯಿದೆ. ಅಲ್ಲಿ ವಿಟಿಐ ನಂಬುವಂತಿಲ್ಲ, ಡೊಬ್ಯುಟಮಿನ್ (ಹೃದಯದ ಹಿಂಡುವಿಕೆ ಹೆಚ್ಚಿಸುವ ಔಷಧ) ಕೊಟ್ಟರೆ ತಡೆ ಇನ್ನೂ ಹೆಚ್ಚುತ್ತದೆ.

ಜ್ವರ_ವಾರ್ಡ್_ಶಿವಮೊಗ್ಗ

ಡೆಂಗಿಯದ್ದು ಬೇರೆಯೇ ಲೆಕ್ಕ. ಮಳೆಗಾಲದಲ್ಲಿ ನಮ್ಮ ಕಡೆ ಹೆಚ್ಚು ಎಡವಟ್ಟಾಗುವುದು ಇದರಲ್ಲೇ. ಎದೆಯ ನೀರು, ಹೊಟ್ಟೆಯ ನೀರು ನೋಡಿ ‘ಓವರ್‌ಲೋಡ್ ಆಗಿದೆ, ಲಾಸಿಕ್ಸ್ ಕೊಡಿ’ ಅನ್ನುವವರಿದ್ದಾರೆ. ಐದನೇ ದಿನ ಆ ನೀರು ರಕ್ತನಾಳದಿಂದ ಸೋರಿಹೋದ ಪ್ಲಾಸ್ಮಾ. ನಾಳದೊಳಗೆ ಬರಿದಾಗಿರುವುದರಿಂದಲೇ ಐವಿಸಿ ದಾರದಷ್ಟಾಗಿದೆ. ಆ ಹೊತ್ತಿನಲ್ಲಿ ಲಾಸಿಕ್ಸ್, ಅಂದರೆ ಮೂತ್ರ ಹೆಚ್ಚಿಸುವ ಫ್ರುಸೆಮೈಡ್, ಕೊಟ್ಟರೆ ರೋಗಿಯನ್ನು ಶಾಕ್‌ಗೆ ನೂಕಿದಂತೆ.

ಅಲ್ಟ್ರಾಸೌಂಡ್‌ನಿಂದ ಇಲ್ಲಿ ಸಿಗುವುದು ಸೋರಿಕೆ ಶುರುವಾಗಿದೆ ಎಂಬ ಸುಳಿವು. ಬಲಗಡೆ ಮಧ್ಯದ ಕಂಕುಳ ಗೆರೆಯಲ್ಲಿ ಕರ್ವಿಲೀನಿಯರ್ ಇಟ್ಟು ವಪೆಯ ಮೇಲೆ ಕಪ್ಪು ಪಟ್ಟಿ ಇದೆಯೇ ನೋಡಿ, ಸಾಮಾನ್ಯವಾಗಿ ಬಲಗಡೆಯೇ ಮೊದಲು ಬರುತ್ತದೆ. ಅಲ್ಲಿಂದಲೇ ಲಿವರ್-ಕಿಡ್ನಿ ನಡುವಿನ ಸಂದು, ಆಮೇಲೆ ಪಿತ್ತಕೋಶ. ಗೋಡೆ 3 ಮಿ.ಮೀ.ಗಿಂತ ದಪ್ಪವಾಗಿ ಪದರ ಪದರವಾಗಿ ಕಾಣಿಸಿದರೆ ಸೋರಿಕೆಯ ಗುರುತು. ಊಟವಾದ ಮೇಲೆ ಪಿತ್ತಕೋಶ ಕುಗ್ಗಿರುವುದರಿಂದ ಗೋಡೆ ಸುಮ್ಮನೆ ದಪ್ಪ ಕಾಣುತ್ತದೆ, ಊಟ ಯಾವಾಗ ಮಾಡಿದರು ಕೇಳಿಕೊಳ್ಳಿ.

ಡ್ರಿಪ್‌ನ ವೇಗ ನಿರ್ಧರಿಸುವುದು ಮಾತ್ರ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು), ನಾಡಿ ಒತ್ತಡ, ಮೂತ್ರ ಇವು ಮೂರು. ಹೆಮಟೋಕ್ರಿಟ್ ಮೊದಲಿದ್ದದ್ದಕ್ಕಿಂತ 20% ಏರಿದರೆ, ಬಿಪಿಯ ಮೇಲಿನ ಕೆಳಗಿನ ಅಂಕಿಗಳ ಅಂತರ 20ಕ್ಕೆ ಇಳಿದರೆ ಸೋರಿಕೆ ಜೋರಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯಂತೆ ಎಚ್ಚರಿಕೆಯ ಲಕ್ಷಣಗಳಿರುವವರಿಗೆ ಮೊದಲ 1-2 ಗಂಟೆ ಕೆ.ಜಿ.ಗೆ ಗಂಟೆಗೆ 5-7 ಮಿ.ಲೀ., ಆಮೇಲೆ 2-4 ಗಂಟೆ 3-5 ಮಿ.ಲೀ., ಮುಂದೆ 2-3 ಮಿ.ಲೀ. ಮೂತ್ರ ಕೆ.ಜಿ.ಗೆ ಗಂಟೆಗೆ 0.5 ಮಿ.ಲೀ. ಬಂದರೆ ಸಾಕು. ಅದಕ್ಕಿಂತ ಹೆಚ್ಚು ಬರಲಿ ಎಂದು ಡ್ರಿಪ್ ಓಡಿಸಿದರೆ ಕೊಟ್ಟದ್ದೆಲ್ಲ ಎದೆಗೂ ಹೊಟ್ಟೆಗೂ ಹೋಗಿ ಸೇರುತ್ತದೆ.

ಸೋರಿಕೆ 24ರಿಂದ 48 ಗಂಟೆ ಇರುತ್ತದೆ. ನಿಂತ ಮೇಲೆ ಸೋರಿದ ನೀರು ನಾಳಕ್ಕೆ ಹಿಂತಿರುಗುತ್ತದೆ, ಆಗಲೇ ನಿಜವಾದ ಓವರ್‌ಲೋಡ್. ಹೆಮಟೋಕ್ರಿಟ್ ಇಳಿಯುತ್ತದೆ, ಬಿಪಿ ಅಂಕಿಗಳ ಅಂತರ ಅಗಲವಾಗುತ್ತದೆ, ಮೂತ್ರ ಜಾಸ್ತಿಯಾಗುತ್ತದೆ, ಐವಿಸಿ ದುಂಡಗಾಗುತ್ತದೆ, ಶ್ವಾಸಕೋಶದಲ್ಲಿ ಬಿ-ಲೈನ್ (ಶ್ವಾಸಕೋಶ ನೆನೆದಾಗ ಕಾಣುವ ಉದ್ದ ಬಿಳಿ ಗೆರೆಗಳು) ಬರತೊಡಗುತ್ತವೆ. ಆ ದಿನ ಡ್ರಿಪ್ ನಿಲ್ಲಿಸಲೇಬೇಕು. ಹಿಂದಿನ ದಿನದ ಆರ್ಡರ್ ಹಾಗೆಯೇ ಮುಂದುವರಿದು ಕೆಡುವುದು ಇಲ್ಲಿಯೇ. ಹೆಮಟೋಕ್ರಿಟ್ ಇಳಿದು, ಜತೆಗೆ ನಾಡಿ ಓಡುತ್ತಾ ಕೈಕಾಲು ತಣ್ಣಗಾಗಿದ್ದರೆ ಅದು ಚೇತರಿಕೆಯಲ್ಲ, ಎಲ್ಲೋ ರಕ್ತಸ್ರಾವ ಆಗುತ್ತಿದೆ. ರಕ್ತದ ಏರ್ಪಾಟು ಮಾಡಿ. ಎದೆಯ ನೀರನ್ನು ಸೂಜಿ ಹಾಕಿ ತೆಗೆಯುವ ಆತುರ ಯಾವ ಹಂತದಲ್ಲೂ ಬೇಡ, ಪ್ಲೇಟ್‌ಲೆಟ್ ಇಳಿದಿರುವಾಗ ರಕ್ತ ಸುರಿಯುತ್ತದೆ, ನೀರು ತಾನಾಗಿಯೇ ಇಂಗುತ್ತದೆ.

ಡೆಂಗಿಯಲ್ಲಿ ಹೃದಯದ ಸ್ನಾಯುವೂ ಸೋಲಬಹುದು. ದ್ರವ ಕೊಟ್ಟರೂ ಬಿಪಿ ಏರುತ್ತಿಲ್ಲವಾದರೆ ಒಮ್ಮೆ ಹೃದಯದ ಹಿಂಡುವಿಕೆ ನೋಡದೆ ಮುಂದಿನ ಬೋಲಸ್‌ಗೆ ಹೋಗಬೇಡಿ.

ನೆಫ್ರೋ_ಮಂಗಳೂರು

ಡಯಾಲಿಸಿಸ್ ರೋಗಿಯ ಕಾಲು ನೋಡಿ ನೀರು ಅಳೆಯಲು ಹೋಗಬೇಡಿ. ಕಾಲಿನಲ್ಲಿ ಊತವಿಲ್ಲದೆಯೂ ಶ್ವಾಸಕೋಶ ನೆನೆದಿರುವುದು ಇವರಲ್ಲಿ ತೀರಾ ಸಾಮಾನ್ಯ.

ಎದೆಯ ಪ್ರತಿ ಪಕ್ಕದಲ್ಲಿ ನಾಲ್ಕು ಜಾಗ: ಮುಂಭಾಗದಲ್ಲಿ ಮೇಲೆ-ಕೆಳಗೆ ಎರಡು, ಪಕ್ಕದಲ್ಲಿ ಮೇಲೆ-ಕೆಳಗೆ ಎರಡು. ಒಟ್ಟು ಎಂಟು. ಯಂತ್ರದಲ್ಲಿ ಲಂಗ್ ಪ್ರೀಸೆಟ್ ಇಲ್ಲದಿದ್ದರೆ ಹಾರ್ಮಾನಿಕ್, ಕಾಂಪೌಂಡ್ ಎರಡನ್ನೂ ಆರಿಸಿ. ಚಿತ್ರ ಚೆಂದ ಮಾಡುವ ಆ ಸೌಲಭ್ಯಗಳೇ ಬಿ-ಲೈನ್‌ಗಳನ್ನು ಅಳಿಸಿಹಾಕುತ್ತವೆ. ಫೋಕಸ್ ಪ್ಲೂರಾದ (ಶ್ವಾಸಕೋಶದ ಹೊದಿಕೆಯ) ಮಟ್ಟಕ್ಕೆ ತಂದು, ಪ್ರೋಬನ್ನು ಚರ್ಮಕ್ಕೆ ನೇರವಾಗಿ ಹಿಡಿಯಿರಿ. ಪ್ಲೂರಾದಿಂದ ಹೊರಟು, ಮಾಸದೆ ತೆರೆಯ ಬುಡದವರೆಗೆ ಇಳಿದು, ಅಡ್ಡಗೆರೆಗಳಾದ ಎ-ಲೈನ್‌ಗಳನ್ನು ಅಳಿಸುತ್ತಾ, ಉಸಿರಿನ ಜತೆ ಸರಿದಾಡುವುದು ಬಿ-ಲೈನ್. ಸ್ವಲ್ಪ ದೂರ ಹೋಗಿ ಮಾಸುವ ಗೆರೆಗಳನ್ನು ಎಣಿಸಬೇಡಿ. ಒಂದು ಸಂದಿನಲ್ಲಿ ಮೂರು ಅಥವಾ ಹೆಚ್ಚು ಇದ್ದರೆ ಆ ಜಾಗ ಪಾಸಿಟಿವ್, ಎರಡೂ ಪಕ್ಕದಲ್ಲಿ ಎರಡೆರಡು ಜಾಗ ಪಾಸಿಟಿವ್ ಆದರೆ ಶ್ವಾಸಕೋಶ ಒದ್ದೆಯಾಗಿದೆ.

ಒದ್ದೆಯಾಗಿದೆ ಎಂದಷ್ಟೇ, ಕಾರಣ ಮೈಯಲ್ಲಿ ನೀರು ಜಾಸ್ತಿಯಾದದ್ದೇ ಆಗಬೇಕಿಲ್ಲ. ಪ್ಲೂರಾ ನುಣುಪಾಗಿದ್ದು, ಎರಡೂ ಕಡೆ ಸಮನಾಗಿ, ಕೆಳಗೆ ಹೆಚ್ಚಾಗಿ ಇದ್ದರೆ ಹೃದಯದ ಅಥವಾ ಓವರ್‌ಲೋಡ್‌ನ ಬಿ-ಲೈನ್. ಪ್ಲೂರಾ ಒರಟಾಗಿ, ಅದರಡಿ ಸಣ್ಣ ಕಪ್ಪು ಚುಕ್ಕೆಗಳಿದ್ದು, ಪಕ್ಕದಲ್ಲೇ ಪೂರ್ತಿ ಚೆನ್ನಾಗಿರುವ ಜಾಗವೂ ಇದ್ದರೆ ನ್ಯುಮೋನಿಯಾ ಅಥವಾ ಎಆರ್‌ಡಿಎಸ್ (ಶ್ವಾಸಕೋಶದ ತೀವ್ರ ಉರಿಯೂತ) ಕಡೆ ಯೋಚಿಸಿ. ಮೊದಲ ಪ್ರಶ್ನೆಯ ಸೆಪ್ಸಿಸ್ ರೋಗಿಗೂ ಇದು ಬೇಕು. ದ್ರವ ಕೊಡುವ ಮೊದಲು ಎಂಟೂ ಜಾಗ ನೋಡಿ ಬರೆದಿಟ್ಟರೆ, ಆಮೇಲೆ ಬಂದ ಹೊಸ ಬಿ-ಲೈನ್ ‘ಸಾಕು’ ಎಂಬ ಸೂಚನೆ.

ಡಯಾಲಿಸಿಸ್‌ಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ, ಒಂದೇ ಭಂಗಿಯಲ್ಲಿ ನೋಡಿ. ನೀರು ತೆಗೆದಂತೆ ಕೆಲವೇ ಗಂಟೆಗಳಲ್ಲಿ ಬಿ-ಲೈನ್ ಇಳಿಯುತ್ತವೆ. ಮುಗಿದ ಮೇಲೂ ಉಳಿದಿದ್ದರೆ ಡ್ರೈ ವೆಯ್ಟ್ ಇಳಿಸಲು ಜಾಗವಿದೆ. ಒಂದೇ ಸಲ ಎರಡು ಕೆ.ಜಿ. ಇಳಿಸದೆ, ಸಲಕ್ಕೆ 200-300 ಗ್ರಾಂನಂತೆ ಇಳಿಸುತ್ತಾ ಬನ್ನಿ. ಶ್ವಾಸಕೋಶದ ಅಲ್ಟ್ರಾಸೌಂಡ್ ನೋಡಿ ಡ್ರೈ ವೆಯ್ಟ್ ಹೊಂದಿಸಿದ ಲಸ್ಟ್ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಬಿ-ಲೈನ್‌ಗಳೇನೋ ಕಡಿಮೆಯಾದವು, ಆದರೆ ಸಾವು-ಹೃದಯಾಘಾತಗಳನ್ನು ಒಟ್ಟು ಸೇರಿಸಿದ ಮುಖ್ಯ ಗುರಿಯಲ್ಲಿ ಲಾಭ ಸಾಬೀತಾಗಲಿಲ್ಲ. ಹಾಗಾಗಿ ಉಬ್ಬಸವಿರುವ, ಬಿಪಿ ಹತೋಟಿಗೆ ಬಾರದ ರೋಗಿಗಳಲ್ಲಿ ಬಳಸಿ. ಏನೂ ತೊಂದರೆಯಿಲ್ಲದವರ ಗೆರೆ ಎಣಿಸುತ್ತಾ ಕೂರಬೇಕಿಲ್ಲ.

ವೆಕ್ಸಸ್ (ವೇನ್‌ಗಳಲ್ಲಿನ ದಟ್ಟಣೆಗೆ ಅಲ್ಟ್ರಾಸೌಂಡ್‌ನಿಂದ ಕೊಡುವ ಅಂಕ) ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಐವಿಸಿ 2 ಸೆಂ.ಮೀ. ದಾಟಿದ್ದರೆ ಮಾತ್ರ ಅದಕ್ಕೆ ಅರ್ಥ. ಆಗ ಹೆಪಾಟಿಕ್, ಪೋರ್ಟಲ್, ಕಿಡ್ನಿಯೊಳಗಿನ ವೇನ್‌ಗಳ ಡಾಪ್ಲರ್ ನೋಡುತ್ತೇವೆ. ಇಸಿಜಿ ಕೇಬಲ್ ಇಲ್ಲದ ನಿಮಗೆ ಹೆಪಾಟಿಕ್ ವೇನ್‌ನ ಎಸ್ ಮತ್ತು ಡಿ ಅಲೆ (ಹೃದಯ ಹಿಂಡುವಾಗಿನದು ಮತ್ತು ಸಡಿಲವಾಗುವಾಗಿನದು) ಬೇರ್ಪಡಿಸುವುದು ಕಷ್ಟ, ಊಹಿಸಬೇಡಿ. ಪೋರ್ಟಲ್ ಸುಲಭ: ಬಲ ಪಕ್ಕೆಲುಬುಗಳ ನಡುವಿನಿಂದ ಬಿಳಿ ಗೋಡೆಯ ನಾಳ ಹಿಡಿದು ಡಾಪ್ಲರ್ ಇಡಿ. ಹೆಚ್ಚು ವೇಗದಿಂದ ಕಡಿಮೆ ವೇಗ ಕಳೆದು, ಹೆಚ್ಚು ವೇಗದಿಂದ ಭಾಗಿಸಿ. 24 ಮತ್ತು 8 ಬಂದರೆ 67%. 30%ರೊಳಗೆ ಸರಿ, 50% ಅಥವಾ ಹೆಚ್ಚಾದರೆ ತೀವ್ರ ದಟ್ಟಣೆ. ತೆಳ್ಳಗಿನ ಯುವಕರಲ್ಲಿ ಕಾಯಿಲೆಯಿಲ್ಲದೆಯೂ ಅಲೆ ಏರಿಳಿಯುತ್ತದೆ, ಸಿರೋಸಿಸ್‌ನಲ್ಲಿ ದಟ್ಟಣೆಯಿದ್ದರೂ ಏರಿಳಿಯದಿರಬಹುದು. ಡಯಾಲಿಸಿಸ್‌ನವರ ಕಿಡ್ನಿಯ ಡಾಪ್ಲರ್ ಬಿಟ್ಟುಬಿಡಿ, ಕುಗ್ಗಿದ ಕಿಡ್ನಿಯಿಂದ ಏನೂ ತಿಳಿಯುವುದಿಲ್ಲ. ಈ ಅಂಕ 2020ರಲ್ಲಿ ಹೃದಯ ಶಸ್ತ್ರಚಿಕಿತ್ಸೆಯಾದವರನ್ನು ನೋಡಿ ಕಟ್ಟಿದ್ದು. ಸೆಪ್ಸಿಸ್‌ಗೆ ಹಾಗೆಯೇ ಎತ್ತಿ ಅಂಟಿಸುವುದು ಸರಿಯಲ್ಲ.

ರೇಡಿಯಾಲಜಿ_ಧಾರವಾಡ

ಚಿಕಿತ್ಸೆಯ ಮಾತಲ್ಲ, ಆದರೆ ಹೇಳದಿದ್ದರೆ ತೊಂದರೆ. ಗರ್ಭಿಣಿಯರನ್ನು ನೋಡುವುದೇ ಇಲ್ಲ ಎಂದರೂ ಈ ಯಂತ್ರ ಭ್ರೂಣದ ಲಿಂಗಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ನೋಂದಣಿಯಾಗಿರಬೇಕು. 2012ರ ತಿದ್ದುಪಡಿಯಂತೆ ಪೋರ್ಟಬಲ್ ಯಂತ್ರವನ್ನು ನೋಂದಣಿಯಾದ ಆವರಣದೊಳಗೆ, ಒಳರೋಗಿಗಳಿಗೆ ಮಾತ್ರ ಬಳಸಬಹುದು. ಸಂಚಾರಿ ಆರೋಗ್ಯ ಘಟಕಗಳಿಗೆ ಬೇರೆ ಷರತ್ತುಗಳಿವೆ. ಪಕ್ಕದ ನರ್ಸಿಂಗ್ ಹೋಮ್‌ಗೆ ಒಂದು ಗಂಟೆ ಕೊಟ್ಟು ತರುವುದು ಕೂಡ ಉಲ್ಲಂಘನೆ. ಯಂತ್ರ ಬಳಸುವ ವೈದ್ಯರ ಹೆಸರು ನೋಂದಣಿಯಲ್ಲಿದೆಯೇ ಎಂದು ಜಿಲ್ಲಾ ಪ್ರಾಧಿಕಾರದಲ್ಲಿ ವಿಚಾರಿಸಿಕೊಂಡೇ ಶುರು ಮಾಡಿ.

ಸಿಸ್ಟರ್_ಎಚ್‌ಡಿಯು

ಸರ್, ಮೇಡಂ, ಹಾಸಿಗೆ ಪಕ್ಕ ನಿಲ್ಲುವವರ ಕಡೆಯಿಂದ ಎರಡು ಮಾತು. ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಮೊದಲು ಜೆಲ್ ಪೂರ್ತಿ ಒರೆಸಿ, ಆಮೇಲೆ ಪ್ರೋಬ್ ಕಂಪನಿಯವರು ಒಪ್ಪಿದ ವೈಪ್‌ನಿಂದ ಒರೆಸಿ, ಅದು ತಾನಾಗಿ ಒಣಗಲಿ. ಜೆಲ್ ಮೇಲೆಯೇ ವೈಪ್ ಆಡಿಸಿದರೆ ಕ್ರಿಮಿ ಸಾಯುವುದಿಲ್ಲ. ಸ್ಪಿರಿಟ್ ಕೆಲವು ಪ್ರೋಬ್‌ಗಳ ರಬ್ಬರನ್ನು ಸೀಳಿಸುತ್ತದೆ. ಐದು ಲೀಟರ್ ಕ್ಯಾನ್‌ನಿಂದ ಹಳೆಯ ಬಾಟಲಿಗೆ ಜೆಲ್ ತುಂಬಿಸುವುದು ಬೇಡ, ಜೆಲ್‌ನಿಂದ ಬರ್ಕೋಲ್ಡೇರಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕು ಹರಡಿದ ದಾಖಲೆಗಳಿವೆ. ಕೇಬಲ್, ಕೀಬೋರ್ಡ್‌ಗಳನ್ನೂ ಒರೆಸಿ.

ಎರಡನೆಯದು ಬರೆದಿಡುವುದು. ಕೇಸ್ ಶೀಟ್‌ನಲ್ಲಿ ‘ಐವಿಸಿ ಕೊಲ್ಯಾಪ್ಸಿಂಗ್, ಗಿವ್ ಫ್ಲೂಯಿಡ್ಸ್’ ಎಂದಷ್ಟೇ ಇದ್ದರೆ ಮುಂದಿನ ಪಾಳಿಯವರಿಗೆ ಏನೂ ಗೊತ್ತಾಗುವುದಿಲ್ಲ. ಗಂಟೆ, ತಲೆಭಾಗ ಎಷ್ಟು ಎತ್ತರದಲ್ಲಿತ್ತು, ತಾನಾಗಿ ಉಸಿರೋ ವೆಂಟಿಲೇಟರೋ, ಪೀಪ್ ಎಷ್ಟು, ನಾರ್‌ಅಡ್ರಿನಲಿನ್ ಎಷ್ಟರಲ್ಲಿ ಓಡುತ್ತಿತ್ತು, ಆವರೆಗೆ ಒಟ್ಟು ಎಷ್ಟು ದ್ರವ ಹೋಗಿತ್ತು, ವಿಟಿಐ ಮೊದಲು ಎಷ್ಟು ಆಮೇಲೆ ಎಷ್ಟು, ಎಂಟು ಜಾಗಗಳಲ್ಲಿ ಯಾವುದರಲ್ಲಿ ಬಿ-ಲೈನ್, ಮತ್ತೆ ಯಾವಾಗ ನೋಡಬೇಕು, ಏನು ಕಂಡರೆ ಡ್ರಿಪ್ ನಿಲ್ಲಿಸಬೇಕು. ಕೊನೆಯದನ್ನು ಡಾಕ್ಟರೇ ಬರೆದುಕೊಟ್ಟರೆ ನಾವು ರಾತ್ರಿ ಎರಡು ಗಂಟೆಗೂ ಡ್ರಿಪ್ ನಿಲ್ಲಿಸಿ ಫೋನ್ ಮಾಡುತ್ತೇವೆ. ಬರೆಯದಿದ್ದರೆ ಬಾಟಲ್ ಮುಗಿಯುವವರೆಗೂ ಹೋಗುತ್ತಲೇ ಇರುತ್ತದೆ.